ಅಂಕ ನನಗೆ ಜಾಸ್ತಿ, ಕೆಲಸ ಅವಳಿಗೆ ಸಿಕ್ಕಿತು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಹಳ್ಳಿಯವಳು. ಪಕ್ಕದ ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಈ ವರ್ಷ ಮುಗಿಸಿದೆ. ಸಿಜಿಪಿಎ 8.1. ನಾಲ್ಕು ವರ್ಷದಲ್ಲಿ ನಮ್ಮ ಬ್ರಾಂಚಿಗೆ ಬಂದ ಕಂಪನಿಗಳು ಎರಡೇ. ನನ್ನ ಕಾಕಾನ ಮಗಳು ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ಅವಳದೂ ನನ್ನ ಹಾಗೇ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಅದೇ ಕೋರ್ಸು, ಸಿಜಿಪಿಎ 7.2. ಏಳನೇ ಸೆಮಿಸ್ಟರಿನಲ್ಲೇ ಅವಳ ಕೈಗೆ ಆಫರ್ ಲೆಟರ್ ಬಂತು. ನಾನು ಬೆಂಗಳೂರಿಗೆ ಹೋಗ್ತೀನಿ ಅಂದ್ರೆ ಅಪ್ಪ ‘ಇಲ್ಲೇ ಇದ್ದು ಸರ್ಕಾರಿ ಪರೀಕ್ಷೆಗೆ ಓದು’ ಅಂತಾರೆ. ನಾನು ಹುಟ್ಟಿದ ಜಾಗವೇ ನನಗೆ ಅಡ್ಡಿಯಾ? ಹೋಗ್ಲಾ, ಇರ್ಲಾ?

ಉತ್ತರ: ಹೌದು, ಅಡ್ಡಿಯೇ. ಇಲ್ಲ ಎಂದು ಸಮಾಧಾನ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ನಾನು ಆರು ವರ್ಷ ಕಂಪನಿ ಕಡೆ ಕೂತು ಫ್ರೆಶರ್‌ಗಳನ್ನು ಆರಿಸಿದವನು. ಆಮೇಲೆ ಹದಿನೈದು ವರ್ಷ ಕಾಲೇಜಿನ ಕಡೆ ನಿಂತು ಕಂಪನಿಗಳನ್ನು ‘ಬನ್ನಿ ಸಾರ್’ ಎಂದು ಕರೆದವನು. ಮೊದಲ ಕೆಲಸದ ಮಟ್ಟಿಗೆ ಪಿನ್‌ಕೋಡ್ ಎಷ್ಟು ಕೆಲಸ ಮಾಡುತ್ತದೆ ಅಂತ ಎರಡೂ ಕಡೆಯಿಂದ ನೋಡಿದ್ದೇನೆ. ಅದು ಎಲ್ಲೆಲ್ಲಿ ಅಡ್ಡ ಬರುತ್ತದೆ ಅಂತ ಗೊತ್ತಾದರೆ ಅರ್ಧ ನಿಮ್ಮ ಕೈಯಲ್ಲೇ ಸರಿಹೋಗುತ್ತದೆ. ಇನ್ನರ್ಧ ಸರಿಹೋಗುವುದಿಲ್ಲ. ಅದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ತಂಗಿಯ ಆಫರ್ ಲೆಟರ್ ವಿಷಯ. ಇಬ್ಬರದೂ ವಿಟಿಯು ಅಂದಮೇಲೆ, ಕಾಲೇಜು ಸ್ವಾಯತ್ತ ಅಲ್ಲದಿದ್ದರೆ, ಸಿಲಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆ ಬರೆದ ದಿನವೂ ಒಂದೇ. ಅಂಕ ನಿಮ್ಮದೇ ಜಾಸ್ತಿ. ಬೇರೆ ಇದ್ದದ್ದು ಕಾಲೇಜಿನ ಗೇಟಿನ ಮುಂದೆ ಬಂದು ನಿಲ್ಲುವ ಕಾರುಗಳು.

ಕಂಪನಿಯ ಲೆಕ್ಕ ಹೀಗಿರುತ್ತದೆ. ನಿಮ್ಮ ಬ್ರಾಂಚಿನಲ್ಲಿ ಅರವತ್ತು ಜನ ಇದ್ದಾರೆ ಅಂದುಕೊಳ್ಳಿ. ಹತ್ತನೇ ತರಗತಿ, ಪಿಯುಸಿ, ಬಿ.ಇ. ಮೂರರಲ್ಲೂ ಅರವತ್ತು ಪರ್ಸೆಂಟ್ ಬೇಕು, ಬ್ಯಾಕ್‌ಲಾಗ್ ಇರಬಾರದು ಎಂದು ಕಟ್-ಆಫ್ ಹಾಕಿದರೆ ಮೂವತ್ತು ಜನ ಉಳಿಯುತ್ತಾರೆ. ಟೆಸ್ಟ್ ಮುಗಿದರೆ ಹತ್ತು. ಇಂಟರ್‌ವ್ಯೂ ಮುಗಿದರೆ ಮೂರು. ಆ ಮೂವರಿಗಾಗಿ ಇಬ್ಬರು ಎಂಜಿನಿಯರ್‌ಗಳು, ಒಬ್ಬ ಎಚ್‌ಆರ್ ರಾತ್ರಿಯಿಡೀ ಪ್ರಯಾಣ ಮಾಡಿ, ಲಾಡ್ಜ್‌ನಲ್ಲಿ ಇಳಿದು, ಎರಡು ದಿನ ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಅದೇ ಬೆಂಗಳೂರಿನ ಒಂದು ದೊಡ್ಡ ಕಾಲೇಜಿಗೆ ಬೆಳಗ್ಗೆ ಹೋದರೆ ಒಂದೇ ದಿನದಲ್ಲಿ ನಲವತ್ತು ಜನರನ್ನು ಆರಿಸಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಯಾರಿಗೂ ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಹೆಸರು ಅವರ ಕಣ್ಣಿಗೇ ಬಿದ್ದಿಲ್ಲ, ಅಷ್ಟೇ.

ಕ್ಯಾಂಪಸ್ ಆಚೆಗೂ ಇದೇ ಕಥೆ. ಒಂದು ತಪ್ಪೊಪ್ಪಿಗೆ ಹೇಳಿಬಿಡುತ್ತೇನೆ. ನಾನು ಕಂಪನಿಯಲ್ಲಿದ್ದಾಗ ಒಂದು ಹುದ್ದೆಗೆ ಜಾಬ್ ಪೋರ್ಟಲ್‌ನಿಂದ ಮುನ್ನೂರು ನಾನೂರು ರೆಸ್ಯೂಮೆ ಬರುತ್ತಿದ್ದವು. ಶುಕ್ರವಾರ ಸಂಜೆಯೊಳಗೆ ಹತ್ತು ಜನರ ಪಟ್ಟಿ ಕೊಡಬೇಕು. ಆಗ ನಾನು ಮೊದಲು ಒತ್ತುತ್ತಿದ್ದದ್ದು ‘ಈಗಿರುವ ಊರು: ಬೆಂಗಳೂರು’ ಎಂಬ ಫಿಲ್ಟರ್. ಒಂದೇ ಒತ್ತಿಗೆ ಪಟ್ಟಿ ಅರ್ಧಕ್ಕೆ ಇಳಿಯುತ್ತಿತ್ತು. ಬೀದರ್, ಸಿಂಧನೂರು, ಶಿರಸಿಯ ಹುಡುಗ ಹುಡುಗಿಯರ ಅಂಕ ಎಷ್ಟಿತ್ತು ಅಂತ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ. ಉಳಿದವರಿಗೆ ಫೋನ್ ಮಾಡಿ ‘ನಾಳೆ ಹನ್ನೊಂದಕ್ಕೆ ಬರ್ತೀರಾ?’ ಎಂದು ಕೇಳುತ್ತಿದ್ದೆ. ಬೆಂಗಳೂರಿನ ವಿಜಯನಗರದಲ್ಲಿ ಕೂತವರು ‘ಬರ್ತೀನಿ ಸಾರ್’ ಎನ್ನುತ್ತಿದ್ದರು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಏಕೆಂದರೆ ನಾನೇ ಗದಗಿನ ಕಡೆಯವನು. ಪದವಿ ಮುಗಿಸಿದ ವರ್ಷ ನನಗೆ ಬಂದ ಮೊದಲ ಇಂಟರ್‌ವ್ಯೂ ಪತ್ರವನ್ನು ಪೋಸ್ಟ್‌ಮ್ಯಾನ್ ನಮ್ಮ ಕಟ್ಟೆಯ ಮೇಲಿಟ್ಟು ಹೋದಾಗ ಆ ಇಂಟರ್‌ವ್ಯೂ ಮುಗಿದು ಮೂರು ದಿನ ಆಗಿತ್ತು. ಅವ್ವ ಆ ಪತ್ರವನ್ನು ವರ್ಷಗಟ್ಟಲೆ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳು.

ಈಗ ಪತ್ರದ ಜಾಗಕ್ಕೆ ಮೊಬೈಲ್ ಬಂದಿದೆ. ಯಲಬುರ್ಗಾದಲ್ಲಿ ಕೂತೇ ಅರ್ಜಿ ಹಾಕಬಹುದು. ಹಾಗಾಗಿ ಜಾಗದ ಕಾಟ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಅರ್ಜಿ ಹಾಕೋದು ಸುಲಭ ಆದಷ್ಟೂ ಅರ್ಜಿಗಳ ರಾಶಿ ದೊಡ್ಡದಾಯಿತು. ರಾಶಿ ದೊಡ್ಡದಾದಷ್ಟೂ ಫಿಲ್ಟರ್ ಒತ್ತುವ ಬೆರಳು ಚುರುಕಾಯಿತು.

ಬೆಂಗಳೂರೇ ಯಾಕೆ ಎಂದು ಕೇಳಬಹುದು. ಇದು ನಿಮ್ಮ ಅಜ್ಜ ಶಾಲೆಗೆ ಹೋಗುವ ಮೊದಲೇ ತೀರ್ಮಾನ ಆಗಿಹೋಗಿತ್ತು. 1909ರಲ್ಲಿ (ಈಗ ಐಐಎಸ್‌ಸಿ ಎನ್ನುವ) ಟಾಟಾ ಇನ್‌ಸ್ಟಿಟ್ಯೂಟ್, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಎಲ್ಲ ಒಂದೇ ಊರಿಗೆ ಬಂದವು. ಅಲ್ಲಿ ಎಂಜಿನಿಯರ್‌ಗಳು ಇದ್ದರು ಅಂತ 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅದು ಬಂತು ಅಂತ ಉಳಿದವು ಬಂದವು. ಆ ಕಾಲದಲ್ಲಿ ಕೊಪ್ಪಳ ಎಲ್ಲಿತ್ತು? 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಅದು ಜಿಲ್ಲೆ ಆಗಿದ್ದೇ 1997ರಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ 114 ಹಿಂದುಳಿದಿದ್ದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದ್ದೇ. ಇದಕ್ಕೆಲ್ಲ ನಿಮ್ಮ 8.1ಕ್ಕೂ ಏನೂ ಸಂಬಂಧ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಹೇಳುವುದಕ್ಕೆ ಇಷ್ಟು ಚರಿತ್ರೆ.

ಕಂಪನಿ ಬರದೇ ಇರುವುದು ಕಣ್ಣಿಗೆ ಕಾಣುವ ಅಡ್ಡಿ. ಕಾಣದ ಅಡ್ಡಿ ಇನ್ನೆರಡಿವೆ. ನನ್ನ ಲೆಕ್ಕದಲ್ಲಿ ಅವೇ ದೊಡ್ಡವು.

ಒಂದು, ಸುದ್ದಿ. ಯಾವ ಕೆಲಸ ಅಂತ ಒಂದಿದೆ, ಅದಕ್ಕೆ ಏನು ಓದಿರಬೇಕು, ಒಳಗೆ ಹೋಗಲು ಯಾರನ್ನು ಕೇಳಬೇಕು ಎನ್ನುವ ಸುದ್ದಿ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 1969ರಲ್ಲಿ ಹದಿನಾಲ್ಕು, 1980ರಲ್ಲಿ ಆರು, ಒಟ್ಟು ಇಪ್ಪತ್ತು ಬ್ಯಾಂಕುಗಳು ರಾಷ್ಟ್ರೀಕರಣ ಆದವು. ಅದರಲ್ಲಿ ನಾಲ್ಕು ಹುಟ್ಟಿದ್ದು ಒಂದೇ ಜಿಲ್ಲೆಯಲ್ಲಿ, ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, ಎರಡೂ 1906ರಲ್ಲಿ. ಉಡುಪಿಯಲ್ಲೇ 1925ರಲ್ಲಿ ಸಿಂಡಿಕೇಟ್. 1931ರಲ್ಲಿ ಮಂಗಳೂರಿನ ವಿಜಯಾ. ಖಾಸಗಿಯಾಗಿಯೇ ಉಳಿದ ಕರ್ಣಾಟಕ ಬ್ಯಾಂಕ್ ಕೂಡ ಅಲ್ಲಿಯದೇ, 1924ರದು. ದಿನಾ ಸಂಜೆ ಅಂಗಡಿ ಅಂಗಡಿಗೆ ಹೋಗಿ ಚಿಲ್ಲರೆ ಕಾಸು ಕೂಡಿಸುವ ಪಿಗ್ಮಿಯನ್ನು 1928ರಲ್ಲಿ ಶುರುಮಾಡಿದ್ದು ಸಿಂಡಿಕೇಟ್.

ಇದರಿಂದ ಅಲ್ಲಿಯ ಹುಡುಗರಿಗೆ ಏನಾಯಿತು ನೋಡಿ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ಬ್ಯಾಂಕಿನವರು ಇದ್ದೇ ಇರುತ್ತಿದ್ದರು. ಕ್ಲರ್ಕ್ ಆದವನು ಮುಂದೆ ಏನಾಗುತ್ತಾನೆ, ವರ್ಗಾವಣೆ ಆದರೆ ಮನೆ ಸಿಗುತ್ತದಾ, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ, ಎಲ್ಲ ಊಟದ ಹೊತ್ತಿನ ಮಾತು. ಹತ್ತನೇ ತರಗತಿಯ ಹುಡುಗನಿಗೆ ಯಾರೂ ಕೂರಿಸಿ ಪಾಠ ಹೇಳಬೇಕಾಗಿರಲಿಲ್ಲ. ಅದೇ ಬುದ್ಧಿಯ ಹುಡುಗ ಕುಷ್ಟಗಿಯಲ್ಲಿ ಹುಟ್ಟಿದ್ದರೆ ಅವನ ಕಣ್ಣೆದುರು ಕಾಣುತ್ತಿದ್ದದ್ದು ಮೇಷ್ಟ್ರು, ತಲಾಟಿ, ಪೊಲೀಸ್. ಅವನ ಕನಸು ಅಷ್ಟರಲ್ಲೇ ಸುತ್ತುತ್ತಿತ್ತು. ಈಗ ಬ್ಯಾಂಕಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಹೆಸರುಗಳೇ 2019 ಮತ್ತು 2020ರ ವಿಲೀನದಲ್ಲಿ ಹೋದವು. ಬ್ಯಾಂಕಿನ ಮಟ್ಟಿಗೆ ಊರಿನ ಅನುಕೂಲ ಕರಗಿತು. ಆ ಜಾಗಕ್ಕೆ ಬಂದಿರುವುದು ಐಟಿ. ಅದರ ಊಟದ ಹೊತ್ತಿನ ಮಾತು ಈಗ ನಡೆಯುವುದು ನಿಮ್ಮ ಕಾಕಾನ ಮನೆಯಲ್ಲಿ.

ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ, ಕೆಲಸ ಬದಲಾಯಿಸಿದವರನ್ನು ‘ಯಾರ ಮೂಲಕ ಸಿಕ್ಕಿತು?’ ಎಂದು ಕೇಳಿದ. ಅರ್ಧಕ್ಕಿಂತ ಜಾಸ್ತಿ ಜನ ಪರಿಚಯದವರ ಮೂಲಕ ಎಂದರು. ಆದರೆ ಆ ಪರಿಚಯದವರಲ್ಲಿ ಬಹುಪಾಲು ಜನ ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? ಹೊಸ ಸುದ್ದಿ ಬರುವುದು ದೂರದವರಿಂದ. ಹಳ್ಳಿಯಲ್ಲಿ ಆಪ್ತರಿಗೆ ಬರಗಾಲ ಇಲ್ಲ. ಇಂಥ ದೂರದ ಪರಿಚಯಗಳಿಗೆ ಇದೆ. ನೀವು ಕೈಹಾಕಬಹುದಾದ ಕಡೆ ಇದೇ. ನಿಮ್ಮ ಕಾಲೇಜಿನಿಂದ ಎರಡು ಮೂರು ವರ್ಷ ಹಿಂದೆ ಹೋದ ಸೀನಿಯರ್‌ಗಳ ಹೆಸರು ಪ್ಲೇಸ್‌ಮೆಂಟ್ ಆಫೀಸಿನ ಹಳೇ ಪಟ್ಟಿಯಲ್ಲಿ ಇರುತ್ತದೆ. ಹೋಗಿ ಕೇಳಿ. ಇಪ್ಪತ್ತು ಜನರಿಗೆ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಮಾಡಿದರೆ ಐದು ಜನ ಉತ್ತರ ಕೊಡುತ್ತಾರೆ, ಇಬ್ಬರು ರೆಫರಲ್ ಹಾಕುತ್ತಾರೆ, ಅಂದರೆ ತಮ್ಮ ಕಂಪನಿಗೆ ನಿಮ್ಮ ಹೆಸರು ಸೂಚಿಸುತ್ತಾರೆ. ಕೆಲಸ ಕೊಡಿಸಿ ಎಂದು ಬರೆಯಬೇಡಿ. ‘ನಿಮ್ಮ ಟೀಮಿನಲ್ಲಿ ಫ್ರೆಶರ್ ಏನು ಕೆಲಸ ಮಾಡ್ತಾರೆ, ಹತ್ತು ನಿಮಿಷ ಹೇಳ್ತೀರಾ ಅಕ್ಕಾ’ ಎಂದು ಬರೆಯಿರಿ. ಆ ಮಾತಿಗೆ ಉತ್ತರ ಬರುತ್ತದೆ.

ಎರಡನೆಯದು, ಕಾಯುವ ತಾಕತ್ತು. ಇದನ್ನು ರೂಪಾಯಿಯಲ್ಲೇ ನೋಡೋಣ. ಬೆಂಗಳೂರಿನಲ್ಲಿ ಮೂವರ ಕೋಣೆಯ ಪೀಜಿಗೆ ಊಟ ಸೇರಿ ಒಂಬತ್ತು ಸಾವಿರ ಇಡಿ. ಫೋನ್, ಓಡಾಟ, ಭಾನುವಾರ ರಾತ್ರಿ ಊಟ (ಹೆಚ್ಚಿನ ಪೀಜಿಗಳಲ್ಲಿ ಭಾನುವಾರ ಒಂದು ಹೊತ್ತು ಇರಲ್ಲ), ಸೋಪು, ಔಷಧಿ ಸೇರಿ ಎರಡೂವರೆ ಸಾವಿರ. ಆರು ತಿಂಗಳಿಗೆ 69,000 ರೂಪಾಯಿ. ನಿಮ್ಮ ತಂಗಿಗೆ ಇದರಲ್ಲಿ ಒಂದು ಪೈಸೆ ಖರ್ಚಿಲ್ಲ. ಅವಳು ಮನೆಯ ಊಟ ಮಾಡಿಕೊಂಡು, ಮೊದಲ ಎರಡು ಆಫರ್ ಬೇಡ ಎಂದು ಮೂರನೆಯದಕ್ಕೆ ಕಾಯಬಲ್ಲಳು. ನೀವು ನಾಲ್ಕನೇ ತಿಂಗಳಿಗೆ ಅಪ್ಪನಿಗೆ ಫೋನ್ ಮಾಡಲು ನಾಚಿಕೊಂಡು, ಸಿಕ್ಕಿದ್ದಕ್ಕೆ ಸಹಿ ಹಾಕುತ್ತೀರಿ. ಎರಡು ವರ್ಷ ಕೆಲಸ ಬಿಡುವಂತಿಲ್ಲ ಎನ್ನುವ ಬಾಂಡ್, ಓದಿದ್ದಕ್ಕೆ ಸಂಬಂಧವೇ ಇಲ್ಲದ ಕೆಲಸ. ಹೊರ ಊರಿನ ಮಕ್ಕಳಿಗೆ ಕೆಲಸವೇ ಸಿಗುವುದಿಲ್ಲ ಅಂತೇನಿಲ್ಲ, ಸಿಗುತ್ತದೆ. ಆದರೆ ಅವಸರದಲ್ಲಿ ಸಿಗುತ್ತದೆ. ನಾನು ನೋಡಿದ ದೊಡ್ಡ ನಷ್ಟ ಇದು.

ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವಾರಾನ್ನ ಉಂಡು ಓದಿದವರ ಕಥೆ ಕೇಳಿರುತ್ತೀರಿ, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗೆ, ಒಂದೊಂದು ಸಮುದಾಯದ ವಿದ್ಯಾರ್ಥಿ ನಿಲಯಗಳು, ಎಲ್ಲ ಮಾಡಿದ್ದು ಇದೇ ಕೆಲಸ: ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಕಾಯುವ ತಾಕತ್ತು ಕೊಟ್ಟವು. ಆದರೆ ಅವೆಲ್ಲ ಓದುವವರಿಗೆ. ಓದು ಮುಗಿಸಿ ಕೆಲಸ ಹುಡುಕುವ ಆರು ತಿಂಗಳಿಗೆ ಅನ್ನ ಹಾಕುವ ಮಠ ಇನ್ನೂ ಹುಟ್ಟಿಲ್ಲ.

ಬಾಂಗ್ಲಾದೇಶದ ರಂಗಪುರದಲ್ಲಿ 2008ರಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಸುಗ್ಗಿಗೆ ಮೊದಲಿನ ಹಸಿವಿನ ತಿಂಗಳುಗಳಲ್ಲಿ, ಪೇಟೆಗೆ ಕೆಲಸಕ್ಕೆ ಹೋಗುವುದಾದರೆ ಬಸ್ ಚಾರ್ಜಿನಷ್ಟು ದುಡ್ಡು, ಎಂಟೂವರೆ ಡಾಲರ್, ಕೊಟ್ಟರು. ಅಷ್ಟಕ್ಕೇ, ಸುಮ್ಮನಿದ್ದರೆ ಹೋಗದೇ ಇರುತ್ತಿದ್ದ ನೂರರಲ್ಲಿ ಇಪ್ಪತ್ತೆರಡು ಮನೆಗಳಿಂದ ಒಬ್ಬರು ಹೊರಟರು. ಮರುವರ್ಷ ದುಡ್ಡು ಕೊಡದಿದ್ದರೂ ಹಲವರು ಮತ್ತೆ ಹೋದರು. ಮುಂದೆ ಇದನ್ನೇ ದೊಡ್ಡದಾಗಿ ಮಾಡಲು ಹೋದಾಗ ಅಂಥ ಫಲ ಬರಲಿಲ್ಲ, ಅದನ್ನೂ ಹೇಳಬೇಕು. ಆದರೆ ಮೊದಲ ಸಲ ಹೊರಡುವವರನ್ನು ಹಿಡಿದು ನಿಲ್ಲಿಸುವುದು ‘ಹೋಗಿ ಏನೂ ಸಿಗದೆ ವಾಪಸ್ ಬಂದರೆ?’ ಎಂಬ ಭಯ. ನಿಮ್ಮ ಅಪ್ಪನ ಮಾತಿನ ಒಳಗೂ ಇರುವುದು ಅದೇ. ಅವರನ್ನು ಹಳೇ ಕಾಲದವರು ಎಂದು ತಳ್ಳಿಹಾಕಬೇಡಿ. ಅಮೆರಿಕದಲ್ಲೇ ನೂರಕ್ಕೆ ಎಂಬತ್ತು ಮಕ್ಕಳು 26ನೇ ವಯಸ್ಸಿಗೆ ತಾವು ಬೆಳೆದ ಜಾಗದಿಂದ ನೂರು ಮೈಲಿಯ ಒಳಗೇ ಇರುತ್ತಾರೆ. ನಿಮ್ಮೂರಿಂದ ಬೆಂಗಳೂರು ಅದರ ಎರಡರಷ್ಟು ದೂರ.

ಹಾಗಾದರೆ ಹೋಗಬೇಕಾ? ನನ್ನ ಉತ್ತರ: ಹೋಗಿ. ಆದರೆ ನೀವು ಅಂದುಕೊಂಡ ಕಾರಣಕ್ಕೆ ಬೇಡ.

ಬೆಂಗಳೂರು ಕೊಡುವುದು ಮೊದಲ ಸಂಬಳ ಅಂತ ಎಲ್ಲರೂ ತಿಳಿಯುತ್ತಾರೆ. ಪೀಜಿ, ಓಡಾಟ ಕಳೆದರೆ ಫ್ರೆಶರ್ ಸಂಬಳದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅದು ಕೊಡುವುದು ಎರಡನೇ ಕೆಲಸ. ಪಕ್ಕದ ಕುರ್ಚಿಯಲ್ಲಿ ಕೂತವರು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿ ಕಲಿಯುವುದು, ಕ್ಯಾಂಟೀನಿನಲ್ಲಿ ಬೇರೆ ಕಂಪನಿಯ ಸುದ್ದಿ ಕಿವಿಗೆ ಬೀಳುವುದು, ಎರಡು ವರ್ಷಕ್ಕೆ ಬೇರೆಡೆಗೆ ಹಾರಬಹುದು ಎನ್ನುವ ಧೈರ್ಯ. ಒಂದೇ ಕಾರ್ಖಾನೆ ಇರುವ ಊರಿನಲ್ಲಿ ಬಾಸ್ ಜೊತೆ ಆಗಿಬರಲಿಲ್ಲ ಅಂದರೆ ಊರನ್ನೇ ಬಿಡಬೇಕು. ಬೆಂಗಳೂರಿನಲ್ಲಿ ಬಸ್ ನಂಬರ್ ಬದಲಾಯಿಸಿದರೆ ಸಾಕು. ಸ್ಪೇನ್ ದೇಶದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಡಿ ಲಾ ರೋಕಾ ಮತ್ತು ಪುಗಾ, ಕೆಲಸಗಾರರ ವರ್ಷಾನುವರ್ಷದ ದಾಖಲೆ ಹಿಡಿದು ಲೆಕ್ಕ ಹಾಕಿದರು. ಮ್ಯಾಡ್ರಿಡ್‌ನಂಥ ದೊಡ್ಡ ಊರಿಗೆ ಬಂದವರು ಮೊದಲೇ ಜಾಸ್ತಿ ಜಾಣರೇನಲ್ಲ. ಆದರೆ ಅಲ್ಲಿ ಕಳೆದ ಒಂದೊಂದು ವರ್ಷದ ಅನುಭವಕ್ಕೆ ಸಣ್ಣ ಊರಿನ ಅನುಭವಕ್ಕಿಂತ ಬೆಲೆ ಜಾಸ್ತಿ. ಆಮೇಲೆ ಸಣ್ಣ ಊರಿಗೆ ಹೋದರೂ ಆ ಬೆಲೆ ಜೊತೆಗೇ ಹೋಗುತ್ತದೆ. ಎಂದರೆ ನೀವು ನಾಲ್ಕೈದು ವರ್ಷ ಬೆಂಗಳೂರಿನಲ್ಲಿದ್ದು ಹುಬ್ಬಳ್ಳಿಗೆ ಬಂದರೂ ಕಲಿತದ್ದು ವ್ಯರ್ಥ ಆಗಲ್ಲ. ಬೆಂಗಳೂರು ಎಂದರೆ ಜೀವನಪೂರ್ತಿ ಎಂದು ಅಪ್ಪನಿಗೆ ಅನ್ನಿಸಿದ್ದರೆ ಇದನ್ನು ಹೇಳಿ.

ಈಗ ಅಪ್ಪ ಹೇಳುವ ಸರ್ಕಾರಿ ಪರೀಕ್ಷೆ. ಇಲ್ಲಿ ನಿಮ್ಮ ಊರು ಅಡ್ಡಿ ಅಲ್ಲವೇ ಅಲ್ಲ, ನಿಮ್ಮ ದೊಡ್ಡ ಆಸ್ತಿ. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು, 2013ರಿಂದ ಜಾರಿಯಲ್ಲಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳ ಸ್ಥಳೀಯ ವೃಂದದ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ನಿಮ್ಮ ಭಾಗದವರಿಗೇ. ಉಳಿದ ಕರ್ನಾಟಕದ ಹುದ್ದೆಗಳಲ್ಲೂ ನೂರಕ್ಕೆ 8. ಬೆಂಗಳೂರಿನಲ್ಲಿ ಬೆಳೆದ ನಿಮ್ಮ ತಂಗಿಗೆ ಸುಮ್ನೆ ಈ ಬಾಗಿಲು ತೆರೆಯುವುದಿಲ್ಲ. ಜೊತೆಗೆ ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿ, ಕನ್ನಡ ಮಾಧ್ಯಮ ಆಗಿದ್ದರೆ ಅದರದೂ ಇದೆ. ಹೀಗಾಗಿ ಅಪ್ಪ ತಪ್ಪು ಹೇಳುತ್ತಿಲ್ಲ.

ಆದರೆ ಪರೀಕ್ಷೆಗೆ ಓದುವುದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಳ್ಳುವುದು ನನಗೆ ಇಷ್ಟ ಇಲ್ಲ. ಧಾರವಾಡದ ಸಪ್ತಾಪುರಕ್ಕೆ ಒಂದು ಸಂಜೆ ಹೋಗಿ ನೋಡಿ. ಕೋಚಿಂಗ್ ಬೋರ್ಡು, ಜೆರಾಕ್ಸ್ ಅಂಗಡಿ, ಸ್ಟಡಿ ರೂಮು, ಚಹಾದ ಅಂಗಡಿ ಮುಂದೆ ‘ನೋಟಿಫಿಕೇಶನ್ ಯಾವಾಗ?’ ಎಂದು ಕೇಳಿಕೊಳ್ಳುವ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗರು. ನೋಟಿಫಿಕೇಶನ್ ಬಂದರೂ ಕಥೆ ಮುಗಿಯಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ಆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಚೆನ್ನಾಗಿ ಓದಿ ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕಿಂತ ಜಾಸ್ತಿ ಹಾಗೇ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಸರ್ಕಾರಿ ಪರೀಕ್ಷೆಗೆ ಮೂವತ್ತು ದಾಟಿದರೂ ವಯಸ್ಸು ಇರುತ್ತದೆ. ಕಂಪನಿಗೆ ನೀವು ‘ಫ್ರೆಶರ್’ ಆಗಿರುವುದು ಪಾಸಾದ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ. ಅರ್ಜಿಯಲ್ಲೇ ‘ಇಂಥ ಬ್ಯಾಚ್ ಮಾತ್ರ’ ಎಂದು ಬರೆದಿರುತ್ತಾರೆ. ಒಂದು ಬಾಗಿಲು ಹತ್ತು ವರ್ಷ ತೆರೆದಿರುತ್ತದೆ, ಇನ್ನೊಂದು ಮುಂದಿನ ಬೇಸಿಗೆಗೆ ಮುಚ್ಚುತ್ತದೆ. ಮೊದಲು ಯಾವುದರೊಳಗೆ ಹೋಗಬೇಕು? ಕೆಲಸ ಮಾಡುತ್ತಾ ಬೆಳಗ್ಗೆ ಎರಡು ಗಂಟೆ ಓದಿ ಪಿಡಿಒ, ಎಫ್‌ಡಿಎ ಆದವರನ್ನು ನಾನು ನೋಡಿದ್ದೇನೆ. ಮೂರು ವರ್ಷ ಸಪ್ತಾಪುರದಲ್ಲಿದ್ದು ಆಮೇಲೆ ಎಲೆಕ್ಟ್ರಾನಿಕ್ಸ್ ಕಂಪನಿಗೆ ಬಂದವರು ನನ್ನ ಕಣ್ಣಿಗೆ ಬಿದ್ದಿದ್ದು ಒಬ್ಬರೋ ಇಬ್ಬರೋ.

ಬೆಂಗಳೂರಿಗೆ ಟಿಕೆಟ್ ತೆಗೆಸುವ ಮೊದಲು ಇನ್ನೊಂದು ಮಾತು. ನೀವು ಎಲೆಕ್ಟ್ರಾನಿಕ್ಸ್ ಓದಿದವರು. ನಿಮ್ಮ ಕ್ಲಾಸಿನ ಎಲ್ಲರೂ ಸಾಫ್ಟ್‌ವೇರ್ ಎಂದು ಓಡುತ್ತಾರೆ. ಆದರೆ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಇದೆ, ಇನ್ನೂ ಮುಂದೆ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ. ಕಬ್ಬಿಣ ಅಂದರೆ ಮೆಕ್ಯಾನಿಕಲ್‌ನವರಿಗೆ ಅಂತ ನಿಮಗೆ ಯಾರೋ ಹೇಳಿರುತ್ತಾರೆ. ಫರ್ನೇಸಿನ ಉಷ್ಣತೆ ಅಳೆಯುವ ಸೆನ್ಸಾರ್, ಅದನ್ನು ಓದಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಅಂದರೆ ಪಿಎಲ್‌ಸಿ, ಕಂಟ್ರೋಲ್ ರೂಮಿನ ಪರದೆ, ಎಲ್ಲ ನೋಡಿಕೊಳ್ಳುವುದು ಇನ್‌ಸ್ಟ್ರುಮೆಂಟೇಶನ್ ವಿಭಾಗ, ಅಲ್ಲಿ ನಿಮ್ಮ ಓದೇ ಬೇಕು. ಶಿಫ್ಟ್ ಇರುತ್ತದೆ, ಧೂಳು ಇರುತ್ತದೆ, ಹುಡುಗಿಯರು ಕಡಿಮೆ. ಸುಲಭ ಅಂತ ಹೇಳಲ್ಲ. ಆದರೆ ಎರಡು ವರ್ಷ ಪಿಎಲ್‌ಸಿಯಲ್ಲಿ ಕೈ ಪಳಗಿದವರನ್ನು ಪುಣೆ, ಬೆಂಗಳೂರಿನ ಆಟೊಮೇಶನ್ ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಭಾನಾಪುರದ ಆಟಿಕೆ ಕ್ಲಸ್ಟರ್ ಬಗ್ಗೆ ಕೆಲವರು ಕೇಳುತ್ತಾರೆ. ಅಲ್ಲಿ ಸದ್ಯಕ್ಕೆ ಜಾಸ್ತಿ ಇರುವುದು ಜೋಡಣೆಯ ಕೆಲಸ. ನಿಮ್ಮ ಪದವಿಗೆ ಅದು ಮೊದಲ ಆಯ್ಕೆ ಆಗಬಾರದು.

ಅಪ್ರೆಂಟಿಸ್‌ಶಿಪ್ ಕೂಡ ಯಾರೂ ನೋಡದ ದಾರಿ. ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ಪದವೀಧರರನ್ನು ಒಂದು ವರ್ಷಕ್ಕೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಸ್ಟೈಪೆಂಡ್ ಕಡಿಮೆ, ಮುಂದೆ ಕೆಲಸದ ಗ್ಯಾರಂಟಿ ಇಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ವರ್ಷ ಕಾಯುವ ತಾಕತ್ತನ್ನು ಅದು ಕೊಡುತ್ತದೆ. ರೆಸ್ಯೂಮೆಯಲ್ಲಿ ಆ ಸಂಸ್ಥೆಯ ಹೆಸರು ಇರುತ್ತದೆ, ಊರಿನ ಕಾಲಂನಲ್ಲಿ ‘ಬೆಂಗಳೂರು’ ಇರುತ್ತದೆ. ನಾನು ಒತ್ತುತ್ತಿದ್ದ ಫಿಲ್ಟರ್‌ನಲ್ಲಿ ನೀವು ಉಳಿಯುತ್ತೀರಿ. ಪಾಸಾಗಿ ತುಂಬಾ ವರ್ಷ ಆದವರನ್ನು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಈಗಲೇ ಹಾಕಿ.

ಹೋಗುವುದಾದರೆ ಹೇಗೆ? ಅವಧಿ ಮೊದಲೇ ಗೊತ್ತುಮಾಡಿಕೊಳ್ಳಿ. ಆರು ತಿಂಗಳು, ಇಷ್ಟು ರೂಪಾಯಿ, ಮುಗಿದರೆ ವಾಪಸ್, ಇದನ್ನು ಅಪ್ಪನ ಮುಂದೆ ಕಾಗದದಲ್ಲಿ ಬರೆದು ಇಡಿ. ‘ಹೋಗ್ತೀನಿ’ ಎಂದರೆ ಹೆದರುವ ಅಪ್ಪ ‘ಸಂಕ್ರಾಂತಿವರೆಗೆ ನೋಡ್ತೀನಿ’ ಎಂದರೆ ಒಪ್ಪುತ್ತಾರೆ, ನಾನು ಹತ್ತಾರು ಮನೆಗಳಲ್ಲಿ ನೋಡಿದ್ದೇನೆ. ಮೊದಲ ಎರಡು ತಿಂಗಳು ಕಾಕಾನ ಮನೆಯಲ್ಲಿ ಇರಲು ಆಗುತ್ತದಾ ಕೇಳಿ. ಸಂಕೋಚ ಆಗುತ್ತದೆ, ಗೊತ್ತು. 69,000ದಲ್ಲಿ 18,000 ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಮನೆಯ ಊಟದ ಹೊತ್ತಿನ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ತಂಗಿಯ ಮೇಲಿನ ಹೊಟ್ಟೆಕಿಚ್ಚು ಬಿಟ್ಟು ಅವಳನ್ನೇ ರೆಫರಲ್ ಕೇಳಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಇದೆ, ಎರಡು ವರ್ಷದವರೆಗೆ. ಅರ್ಜಿ ಹಾಕಲು ಅವಮಾನ ಏನೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚೂ ಇಲ್ಲ. ಮಲಗಿಕೊಂಡು ಹೋಗಬೇಕು ಅಂದರೆ ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು.

ಇನ್ನು, ಕೆಲಸ ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರು. ಫ್ರೆಶರ್‌ಗಳು ಇರುವ ಪೀಜಿಗಳ ಗೋಡೆ ತುಂಬ ಇವರದೇ ಚೀಟಿ. ‘ಬ್ಯಾಕ್‌ಡೋರ್’, ‘ರಿಫಂಡೆಬಲ್ ಡೆಪಾಸಿಟ್’, ‘ಟ್ರೇನಿಂಗ್ ಪ್ಲಸ್ ಜಾಬ್’. ನನ್ನ ಒಬ್ಬ ವಿದ್ಯಾರ್ಥಿ ಹೊಲದ ಮೇಲೆ ಸಾಲ ತೆಗೆದು ಒಂದೂವರೆ ಲಕ್ಷ ಕೊಟ್ಟ. ಮೂರನೇ ವಾರಕ್ಕೆ ಆ ಆಫೀಸಿಗೆ ಹೋದರೆ ಮೇಜು ಕುರ್ಚಿಯೂ ಇರಲಿಲ್ಲ. ನಿಜವಾದ ಕಂಪನಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಇದರಲ್ಲಿ ‘ಆದರೆ’ ಇಲ್ಲ. ಕೋರ್ಸ್ ಕಲಿಯಬೇಕು ಅನ್ನಿಸಿದರೆ ಯಾವ ಕೆಲಸಕ್ಕೆ ಅಂತ ಗೊತ್ತಾದ ಮೇಲೆ ಕಲಿಯಿರಿ. ಎಂಬೆಡೆಡ್ ಸಿ (ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುವ ಭಾಷೆ) ಕಲಿಯಲು ಬೇಕಾದದ್ದು ನಿಮ್ಮ ಹಳೇ ಲ್ಯಾಪ್‌ಟಾಪು, ಕೆಲವು ನೂರು ರೂಪಾಯಿಯ ಒಂದು ಬೋರ್ಡು. ಅದನ್ನು ಯಲಬುರ್ಗಾದಲ್ಲೇ ಕೂತು ಶುರುಮಾಡಬಹುದು.

ಊರಲ್ಲೇ ಇರುವ ಈ ಒಂದೆರಡು ತಿಂಗಳಲ್ಲಿ ಇನ್ನೊಂದು ಕೆಲಸ ಮುಗಿಸಿ. 371(ಜೆ) ಅರ್ಹತಾ ಪ್ರಮಾಣ ಪತ್ರ ಕೊಡುವುದು ಕೊಪ್ಪಳದ ಸಹಾಯಕ ಆಯುಕ್ತರ ಕಚೇರಿ. ಶಾಲೆಯ ದಾಖಲೆ, ವಾಸದ ದಾಖಲೆ ಎಲ್ಲ ಸೇರಿಸಬೇಕು, ಒಂದು ಹೆಸರಿನ ಇನಿಷಿಯಲ್ ತಪ್ಪಿದ್ದರೂ ಮೂರು ಸಲ ಓಡಾಡಿಸುತ್ತದೆ. ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ. ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರವನ್ನೂ ನಿಮ್ಮ ಶಾಲೆಯಿಂದ ಅದೇ ವಾರ ಮಾಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಪ್ರೊಬೇಶನ್‌ನಲ್ಲಿ ಇರುವಾಗ ಇದಕ್ಕೆಲ್ಲ ರಜೆ ಸಿಗೋದಿಲ್ಲ.